ಕುಂಕುಮ ಹಚ್ಚಿದ ನೀಲಿ ಪೆನ್ನು

ನನಗೆ ಯಾರ ಮೇಲೂ ಸುಲಭವಾಗಿ ನಂಬಿಕೆ ಬರುವುದಿಲ್ಲ. ಇದು ಹುಟ್ಟುಗುಣವೋ ಕಸುಬು ಕಲಿಸಿದ್ದೋ ಹೇಳಲಾರೆ. ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಅಡಿಕೆ ಆರಿಸುವ ಹೆಂಗಸರ ಮೇಲ್ವಿಚಾರಣೆ ಹದಿನೆಂಟು ವರ್ಷದಿಂದ ನನ್ನದು. ಚೀಲದ ಮೇಲುಗಡೆ ಅಡಿಕೆ ಕೆಂಪಗೆ ಹೊಳೆದಷ್ಟೂ ನನ್ನ ಅನುಮಾನ ಜಾಸ್ತಿಯಾಗುತ್ತದೆ. ಮೊಣಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ತೆಗೆಯುತ್ತೇನೆ. ಒಡೆದದ್ದು, ಬೂಷ್ಟು ಹಿಡಿದದ್ದು, ಬಣ್ಣ ಹಚ್ಚಿ ತಂದದ್ದು ಎಲ್ಲ ಅಲ್ಲೇ ಸಿಗುವುದು. ಮಂಡಿಯಲ್ಲಿ ನನ್ನ ಈ ಗುಣಕ್ಕೆ ಬೆಲೆ ಇದೆ. ಮನೆಯಲ್ಲಿ ಮಾತ್ರ ಮಗಳು ನನ್ನನ್ನು 'ಸಿಸಿ ಕ್ಯಾಮೆರಾ' ಅಂತ ಕರೆಯುತ್ತಾಳೆ.

ಆಗ ಅವಳು ಪಿಯುಸಿ ಎರಡನೇ ವರ್ಷ. ಬೆಳಿಗ್ಗೆ ದಾವಣಗೆರೆ ಬಸ್ಸು ಹತ್ತಿದರೆ ಮನೆ ಸೇರುವಾಗ ಸಂಜೆ. ಯಜಮಾನರು ಹೊನ್ನಾಳಿಯ ಒಂದು ರೈಸ್ ಮಿಲ್ಲಿನಲ್ಲಿ ಕೆಲಸದಲ್ಲಿದ್ದರು, ಅಲ್ಲೇ ಉಳಿದು ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ವಾರವಿಡೀ ಮನೆಯಲ್ಲಿ ನಾವಿಬ್ಬರೇ, ಮತ್ತು ನನ್ನ ಅನುಮಾನ.

ಶ್ರಾವಣದ ಹೊತ್ತಿಗೆ ಅವಳ ವೇಲಿನಲ್ಲಿ ಮಾವಿನಹಣ್ಣಿನ ವಾಸನೆ ಬರತೊಡಗಿತು. ಮಾವಿನ ಕಾಲ ಮುಗಿದು ಎರಡು ತಿಂಗಳಾಗಿತ್ತು. ಒಂದು ದಿನ ಮಾವು, ಇನ್ನೊಂದು ದಿನ ಪುದೀನ. ಬಚ್ಚಲಿಗೆ ಹೋದರೆ ಹದಿನೈದು ನಿಮಿಷ ಈಚೆಗೆ ಬರುತ್ತಿರಲಿಲ್ಲ, ಬಂದ ಮೇಲೆ ಒಂದು ಒಣಕೆಮ್ಮು. ಓದುವ ಕೋಣೆಯ ಕಿಟಕಿ ಮಳೆ ಬಂದರೂ ತೆರೆದೇ ಇರುತ್ತಿತ್ತು. ನ್ಯಾಮತಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅನುಮಾನದಲ್ಲಿ ಅವಳು ನನಗೂ ಅಕ್ಕನೇ.

"ಅದು ಸೆಂಟು ಕಣೇ," ಅಂದಳು. "ಸೆಂಟು ಐತೆ ಅಂದ್ರೆ ಕೊಡಾಕೆ ಒಬ್ಬ ಇರ್ತಾನೆ. ಅವನ್ನ ಹುಡುಕು."

ಹುಡುಕಿದೆ. ಅವಳ ಫೋನ್ ನೋಡಿದೆ, ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ನೋಡಿದೆ. ಒಂದು ಸಂಜೆ ಮಂಡಿಯಿಂದ ಬೇಗ ಹೊರಟು ಬಸ್ ನಿಲ್ದಾಣದಲ್ಲಿ ಎಳನೀರಿನ ಗಾಡಿಯ ಹಿಂದೆ ನಿಂತೆ. ಮಗಳು ಇಬ್ಬರು ಗೆಳತಿಯರ ಜೊತೆ ಇಳಿದಳು. ಹುಡುಗರ ಸುಳಿವಿಲ್ಲ. ನೇರವಾಗಿ ಗಾಡಿಯ ಹತ್ತಿರ ಬಂದು, "ಏನಮ್ಮ, ಎಳನೀರು ಕುಡಿಯಾಕೆ ಬಂದ್ಯಾ? ನಂಗೂ ಒಂದು ಕೊಡ್ಸು," ಅಂದಳು. ಇಬ್ಬರೂ ಕುಡಿದು ಮನೆಗೆ ಬಂದೆವು. ಅವಳ ಬಾಯಿಂದ ಬೀಡಿ ಸಿಗರೇಟಿನ ವಾಸನೆಯೇನಾದರೂ ಬಂದಿದ್ದರೆ ಅಂದೇ ಹಿಡಿಯುತ್ತಿದ್ದೆ. ಬಂದದ್ದು ಪುದೀನ. ಹಲ್ಲುಜ್ಜುವ ಪೇಸ್ಟು ಬದಲಾಯಿಸಿದ್ದಾಳೆ ಅಂದುಕೊಂಡೆ.

ಆಯುಧಪೂಜೆ ಬಂತು. ಯಜಮಾನರು ಮಿಲ್ಲಿನ ಪೂಜೆಗೆಂದು ಹೊನ್ನಾಳಿಯಲ್ಲೇ ಉಳಿದರು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ, ಈಳಿಗೆಮಣೆ, ಅಡಿಕೆ ಆರಿಸುವ ಮೊರ, ಯಜಮಾನರ ಸ್ಪ್ಯಾನರು, ಮಗಳ ಪುಸ್ತಕ ಪೆನ್ನು ಎಲ್ಲವನ್ನೂ ದೇವರ ಜಗಲಿಯ ಮುಂದೆ ಸಾಲಾಗಿ ಇಟ್ಟು ವಿಭೂತಿ, ಕುಂಕುಮ ಹಚ್ಚಿ ಹೂವು ಏರಿಸುವುದು ಪದ್ಧತಿ. ಮಾರನೆಯ ದಿನ ಬನ್ನಿ ಮುಡಿದು ಬರುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಮಕ್ಕಳಿಗೆ ಓದುವ ಕಾಟ ಇಲ್ಲದ ಒಂದು ದಿನ.

ಆ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದಾಗ ನಾನೇ ಅವಳ ಬ್ಯಾಗಿನಿಂದ ಪುಸ್ತಕ, ಕಂಪಾಸು, ಕ್ಯಾಲ್ಕುಲೇಟರು ತೆಗೆದೆ. ಒಳಜೇಬಿನಲ್ಲಿ ನೀಲಿ ಬಣ್ಣದ ಒಂದು ದಪ್ಪ ಪೆನ್ನು ಸಿಕ್ಕಿತು. ಕ್ಯಾಪು ಕಾಣಲಿಲ್ಲ, ತಳದಲ್ಲಿ ಚಾರ್ಜರು ಚುಚ್ಚುವಂಥ ತೂತು. ಈಗಿನ ಕಾಲೇಜಿನಲ್ಲಿ ಪೆನ್ನಿಗೂ ಚಾರ್ಜು ಬೇಕೇನೋ ಅಂದುಕೊಂಡು, ಮೂರು ಬೆರಳ ವಿಭೂತಿ ಎಳೆದು, ನಡುವೆ ಒಂದು ಕುಂಕುಮದ ಬೊಟ್ಟಿಟ್ಟು, ಚೆಂಡುಹೂವಿನ ಎಸಳು ಏರಿಸಿ ಗಣಿತದ ಪುಸ್ತಕದ ಮೇಲೆ ಮಲಗಿಸಿದೆ. ತಳದಿಂದ ಹಿಡಿ ತೆಗೆಯುವವಳು ನಾನು. ತೆಗೆದದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಪೂಜೆ ಮಾಡಿದೆ!

ಮಗಳು ಬಂದು ನೋಡಿದಳು. ಮುಖ ಬಿಳಿಚಿಕೊಂಡಿತು.

"ಅದನ್ಯಾಕೆ ಇಟ್ಟೆ?"

"ಯಾಕೆ, ಅದೂ ಓದಾಕೆ ಬೇಕಾಗಿದ್ದೇ ಅಲ್ವಾ?"

"ಹೂಂ," ಅಂದಳು. "ಹೈಲೈಟರ್ ಅದು."

ಮಂಗಳಾರತಿ ಆಯಿತು. ಆಮೇಲೆ ಅವಳು ಒಂದು ಕಡೆ ನಿಲ್ಲಲಿಲ್ಲ. ಅಡುಗೆಮನೆಗೆ ಬಂದಳು, ದೇವರ ಜಗಲಿ ಕಡೆ ಹೋದಳು, ಮತ್ತೆ ಬಂದಳು. ಹೋಳಿಗೆ ಅಂದರೆ ಪ್ರಾಣ ಬಿಡುವವಳು ಅರ್ಧ ತಿಂದು ತಟ್ಟೆ ಸರಿಸಿದಳು. ತಲೆನೋವು ಅಂದಳು. ಏನಾಯಿತು ಅಂತ ಕೇಳಿದರೆ ಉರಿದುಬಿದ್ದಳು. ಫೋನಿಗೂ ನಾನು ಕುಂಕುಮ ಹಚ್ಚಿ ಜಗಲಿಗೆ ಇಟ್ಟಿದ್ದೆ. ಅಕ್ಕ ಹೇಳಿದ ಆ ಹುಡುಗನ ಜೊತೆ ಮಾತಾಡಲಾಗದೆ ಹೀಗೆ ಚಡಪಡಿಸುತ್ತಿದ್ದಾಳೆ ಅಂತ ನನಗೆ ಖಾತ್ರಿಯಾಯಿತು. ಒಳಗೊಳಗೇ ಖುಷಿಯೂ ಆಯಿತು. ಅಕ್ಕನಿಗೆ ಹೇಳಲು ಒಂದು ಸಾಕ್ಷಿ ಸಿಕ್ಕಿತಲ್ಲ.

ಮಧ್ಯಾಹ್ನ ಮಂಡಿಯ ಪೂಜೆಗೆ ಹೋಗಿ ಮಂಡಕ್ಕಿ ಪ್ರಸಾದ ಕಟ್ಟಿಸಿಕೊಂಡು ಬಂದು ಬಾಗಿಲು ತಟ್ಟಿದೆ. ತೆರೆಯಲು ತಡವಾಯಿತು. ತೆರೆದಾಗ ಮಗಳ ಕೆಳತುಟಿಯ ಮೇಲೆ ಕುಂಕುಮ ಮೆತ್ತಿತ್ತು.

ಅವಳ ಹಣೆಯ ಬೊಟ್ಟು ಅಳಿಸಿರಲಿಲ್ಲ. ಹಾಗಾದರೆ ಇದು ಯಾರ ಹಣೆಯ ಕುಂಕುಮ? ಹಬ್ಬದ ದಿನ ಊರಿನ ಗಂಡುಹುಡುಗರ ಹಣೆಯ ಮೇಲೆಲ್ಲ ಕುಂಕುಮ ಇರುತ್ತದೆ. ಪ್ರಸಾದದ ಪೊಟ್ಟಣ ಅವಳ ಕೈಗಿಟ್ಟು ಒಳಗೆ ನುಗ್ಗಿದೆ. ಮಂಚದ ಕೆಳಗೆ ಬಗ್ಗಿದೆ, ಬಚ್ಚಲ ಬಾಗಿಲು ತಳ್ಳಿದೆ, ತಾರಸಿಗೆ ಹತ್ತಿ ನೀರಿನ ಟ್ಯಾಂಕಿನ ಹಿಂದೆ ಇಣುಕಿದೆ. ಪಕ್ಕದ ಮನೆಯ ಬೆಕ್ಕು ಬಿಟ್ಟರೆ ಅಲ್ಲಿ ಗಂಡಸಂತ ಯಾರೂ ಇರಲಿಲ್ಲ.

ಕೆಳಗಿಳಿದು ದೇವರ ಜಗಲಿಯ ಮುಂದೆ ನಿಂತೆ. ಅಲ್ಲಿ ನನ್ನ ಕಸುಬಿನ ಕಣ್ಣು ತಾನಾಗಿ ಕೆಲಸ ಮಾಡಿತು. ಮೊರದ ಬೊಟ್ಟು ಸರಿಯಿತ್ತು. ಸ್ಪ್ಯಾನರಿನದು, ಫೋನಿನದು, ಕ್ಯಾಲ್ಕುಲೇಟರಿನದು ಇಟ್ಟ ಹಾಗೇ ಇದ್ದವು. ನೀಲಿ ಪೆನ್ನಿನದು ಮಾತ್ರ ಒರೆಸಿಹೋಗಿ ತುದಿಯತನಕ ಕೆಂಪು ಹರಡಿತ್ತು. ಎತ್ತಿಕೊಂಡು ಮೂಸಿದೆ. ಮಾವಿನಹಣ್ಣು.

"ಇದೇನಿದು?"

ಮಗಳು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. "ವೇಪ್," ಅಂದಳು. ನನಗೆ ಅರ್ಥವಾಗಲಿಲ್ಲ. "ಎಲೆಕ್ಟ್ರಿಕ್ ಸಿಗರೇಟಮ್ಮ."

ಹೊಡೆಯಲು ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು, ಅವಳು ಅಷ್ಟು ಜೋರಾಗಿ ಅಳತೊಡಗಿದ್ದಳು. ಜೂನ್‌ನಲ್ಲಿ ಟೆಸ್ಟಿನ ದಿನ ಕ್ಲಾಸಿನ ಹುಡುಗಿಯೊಬ್ಬಳು ಕೊಟ್ಟಳಂತೆ. ಟೆನ್ಶನ್ ಹೋಗುತ್ತದೆ, ಬರೀ ಹಣ್ಣಿನ ಫ್ಲೇವರ್, ಹೊಗೆಸೊಪ್ಪು ಇಲ್ಲವೇ ಇಲ್ಲ ಅಂದಳಂತೆ. ಆಮೇಲೆ ಎರಡು ಪೀರಿಯಡ್ಡು ಕೂರುವುದೂ ಕಷ್ಟವಾಯಿತು. ಪಾಠದ ನಡುವೆ ಅದರದೇ ಧ್ಯಾನ. ಸೇದಿದರೆ ಎದೆ ಡಬಡಬ, ಸೇದದಿದ್ದರೆ ತಲೆನೋವು. ಮೂರು ಸಲ ಬಿಟ್ಟಿದ್ದಳಂತೆ, ಮೂರು ಸಲವೂ ಎರಡು ದಿನಕ್ಕೇ ಸೋತಳಂತೆ.

"ಯಾರು ಅವಳು? ಎಲ್ಲಿ ಸಿಗ್ತದೆ ಇದು? ಎಲೆಕ್ಟ್ರಿಕ್ ಸಿಗರೇಟು ಮಾರಂಗೇ ಇಲ್ಲ ಅಂತ ಕಾನೂನೇ ಐತೆ, ಟಿವೀಲಿ ಬಂದಿತ್ತಲ್ಲ!"

"ಕದ್ದು ಮಾರ್ತಾರೆ."

"ಯಾರು ಮಾರ್ತಾರೆ?"

"ಅಮ್ಮ," ಅಂದಳು ಅವಳು, "ನಂಗೆ ಬಿಡಾಕೆ ಆಗ್ತಿಲ್ಲ. ನಾನು ಅದನ್ನ ಹೇಳ್ತಿದೀನಿ. ನೀನು ಯಾರು ಯಾರು ಅಂತೀಯ."

ಆಗ ನನಗೆ ಮೊದಲ ಸಲ ಭಯವಾಯಿತು. ಅಲ್ಲಿಯವರೆಗೆ ಬರೀ ಸಿಟ್ಟಿತ್ತು. ಒಬ್ಬ ಹುಡುಗ ಇದ್ದಿದ್ದರೆ ಅವರಪ್ಪನ ಮನೆಗೆ ಹೋಗಿ ಜಗಳವಾಡಿ ಬರಬಹುದಿತ್ತು.

ಮಾರನೆಯ ದಿನ ಬನ್ನಿ ಮುಡಿದು ಬಂದ ಮೇಲೆ ಅದನ್ನು ಒರಳುಕಲ್ಲಿನ ಮೇಲಿಟ್ಟು ಗುಂಡುಕಲ್ಲು ಎತ್ತಿದೆ. ಬ್ಯಾಟರಿ ಸಿಡಿಯುತ್ತದೆ ಅಂತ ಮಗಳು ಕೂಗಿಕೊಂಡಳು. ಕಸದ ಗಾಡಿಗೆ ಹಾಕೋಣವೆಂದರೆ ಪೂಜೆಗಿಟ್ಟ ವಸ್ತು, ವಿಭೂತಿ ಹಚ್ಚಿದ ಕೈ ನನ್ನದೇ. ಮುಕ್ಕಾದ ದೇವರ ಪಟವನ್ನು ನೀರಿಗೆ ಬಿಡುತ್ತೇವಲ್ಲ, ಹಾಗೆ ಸೂಳೆಕೆರೆಗೆ ಬಿಟ್ಟು ಬರುತ್ತೇನೆ ಅಂದೆ.

"ಅದರೊಳಗಿನ ಎಣ್ಣೆ ವಿಷ ಅಮ್ಮ. ಕೆರೆ ಮೀನು ಏನು ಪಾಪ ಮಾಡಿದ್ವು?" ಅಂದಳು. ಅಷ್ಟು ಅಳುವಿನ ನಡುವೆ ನನಗೆ ನಗು ಬಂತು. ಅದನ್ನು ಒಂದು ಡಬ್ಬಿಯಲ್ಲಿಟ್ಟು ಬೀಗ ಹಾಕಿದೆ.

ಹಬ್ಬ ಕಳೆದ ಮೇಲೆ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋದೆವು. ತಂಬಾಕು ಬಿಡಿಸಲು ಅಲ್ಲಿ ಬೇರೆಯೇ ಒಂದು ಕೋಣೆ ಇದೆ ಅಂತ ನಮ್ಮೂರಿನ ಡಾಕ್ಟರು ಹೇಳಿದ್ದರು. ನಾನು ಸೆರಗು ತಲೆಗೆ ಎಳೆದುಕೊಂಡು, ಗುರುತಿನವರು ಯಾರಾದರೂ ಇದ್ದಾರಾ ಅಂತ ಕಾರಿಡಾರಿನ ಉದ್ದಕ್ಕೂ ನೋಡುತ್ತಾ ಹೋದೆ. ಒಳಗಿದ್ದ ಕೌನ್ಸೆಲರ್ ಮೇಡಂ ನನಗಿಂತ ಚಿಕ್ಕವರು. ಮಗಳನ್ನು ಬೈಯಲಿಲ್ಲ. ಅದೇ ನನಗೆ ಅನುಮಾನ ತಂದಿತು.

ಮಗಳು ಎದ್ದ ಎಷ್ಟು ಹೊತ್ತಿಗೆ ಸೇದುತ್ತಾಳೆ, ಯಾವಾಗ ಹೆಚ್ಚು ಬೇಕೆನಿಸುತ್ತದೆ ಎಂದೆಲ್ಲ ಕೇಳಿ ಬರೆದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು. "ಇದರಿಂದ ಬರೋದು ನೀರಿನ ಹಬೆ ಅಲ್ಲಮ್ಮ. ಹಣ್ಣಿನ ವಾಸನೆ ಹಾಕಿರ್ತಾರೆ ಅಷ್ಟೇ. ಸಿಗರೇಟಲ್ಲಿರೋ ನಿಕೋಟಿನ್ನೇ ಇದರಲ್ಲೂ ಇರ್ತದೆ, ಕೆಲವದರಲ್ಲಿ ತುಂಬಾ ಜಾಸ್ತಿ. ಈ ವಯಸ್ಸಲ್ಲಿ ಮಿದುಳು ಇನ್ನೂ ಬೆಳೀತಾ ಇರ್ತದೆ, ಅದಕ್ಕೇ ಬೇಗ ಹಿಡ್ಕಂಡ್ಬಿಡ್ತದೆ. ಗಮನ ಕೆಡ್ತದೆ, ನಿದ್ದೆ ಕೆಡ್ತದೆ, ಶ್ವಾಸಕೋಶಕ್ಕೂ ಕೇಡು. ಇವಳು ಸೋತಿದ್ದು ಇವಳು ಕೆಟ್ಟವಳು ಅಂತ ಅಲ್ಲ."

ಬಿಡಲು ಒಂದು ದಿನ ಗೊತ್ತುಮಾಡಿ ಅಂದರು. ಮೊದಲ ಮೂರು ನಾಲ್ಕು ದಿನ ಕಷ್ಟ, ಸಿಟ್ಟು ತಲೆನೋವು ಬರುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಬೇಕು ಅನ್ನುವ ಆಸೆ ಬಂದರೆ ಅದು ಕೆಲವೇ ನಿಮಿಷ ಇರುತ್ತದೆ, ಅಷ್ಟು ಹೊತ್ತು ನೀರು ಕುಡಿ, ನಾಲ್ಕು ಹೆಜ್ಜೆ ನಡಿ, ಬಾಯಿಗೆ ಪೆಪ್ಪರಮೆಂಟು ಹಾಕಿಕೊ, ಯಾರ ಜೊತೆಗಾದರೂ ಮಾತಾಡು. ಕೊಡುವ ಗೆಳತಿಗೆ ಮೊದಲೇ ಬೇಡ ಅಂತ ಹೇಳಿಬಿಡು. ಒಂದು ಸಲ ಜಾರಿದರೆ ಎಲ್ಲ ಹೋಯಿತು ಅಂದುಕೊಳ್ಳದೆ ಮತ್ತೆ ಹಿಡಿ. ನಿಕೋಟಿನ್ ಚೂಯಿಂಗ್ ಗಮ್ ಇವಳ ವಯಸ್ಸಿಗೆ ಡಾಕ್ಟರು ನೋಡಿ ಹೇಳದೆ ಕೊಡಬೇಡಿ ಅಂತ ನನಗೆ ಬೇರೆಯಾಗಿ ಹೇಳಿದರು. ನಾವು ಒಯ್ದಿದ್ದ ಬೀಗದ ಡಬ್ಬಿಯನ್ನು ತೆಗೆಸಿ ನೋಡಿ, ಹಳೇ ಬ್ಯಾಟರಿ ಹಾಕುವ ಪೆಟ್ಟಿಗೆಯ ಪಕ್ಕ ಇಟ್ಟರು. ಪೆನ್ನಿನ ಮೇಲಿನ ವಿಭೂತಿ ಕಂಡರೂ ಏನೂ ಕೇಳಲಿಲ್ಲ.

"ಮನೇಲಿ ಬೇರೆ ಯಾರಾದ್ರೂ ತಂಬಾಕು ಉಪಯೋಗಿಸ್ತಾರಾ?"

"ಇಲ್ರೀ ಮೇಡಂ. ನಮ್ಮನೇಲಿ ಅಂಥದ್ದೆಲ್ಲ ಯಾರೂ ಮಾಡಲ್ಲ."

ಅವರು ನನ್ನ ಎಡಗೆನ್ನೆ ನೋಡಿದರು. ಮಗಳೂ ನೋಡಿದಳು.

"ಬಾಯಲ್ಲಿ ಏನೈತಮ್ಮ?" ಮೇಡಂ ಕೇಳಿದರು.

"ಎಲೆಅಡಿಕೆ."

"ಬರೀ ಎಲೆಅಡಿಕೆನಾ?"

ದೇವರಾಣೆ, ನಾನು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಬಂದವರ ಮುಂದೆ ಎಲೆಅಡಿಕೆ ತಟ್ಟೆ ಇಡದಿದ್ದರೆ ಮನೆಯ ಮರ್ಯಾದೆ ಹೋಗುತ್ತದೆ. ತಟ್ಟೆಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಕಡ್ಡಿಪುಡಿ ಇದ್ದೇ ಇರುತ್ತದೆ. ಹೊಗೆಸೊಪ್ಪಿನ ಕಡ್ಡಿಯನ್ನು ಪುಡಿ ಮಾಡಿದ್ದು ಅಂತ ಗೊತ್ತು, ಆದರೆ ಅದನ್ನು ತಂಬಾಕು ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಂಬಾಕು ಅಂದರೆ ಬೀಡಿ ಸಿಗರೇಟು, ಗಂಡಸರ ಚಟ. ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಅಲ್ಲಿ ನನಗೆ ಹನ್ನೆರಡು ವರ್ಷದಲ್ಲಿ ಹಲ್ಲುನೋವು ಬಂದಾಗ ಅಜ್ಜಿ ಒಂದು ಚಿಟಿಕೆ ಹೊಗೆಸೊಪ್ಪು ದವಡೆಗೆ ಒತ್ತಿದ್ದಳು. ನೋವು ಮರಗಟ್ಟಿತು, ತಲೆ ತಿರುಗಿತು, ಮಾರನೆಯ ದಿನ ನಾನೇ ಕೇಳಿ ಹಾಕಿಸಿಕೊಂಡೆ. ಆಮೇಲೆ ಬಿಟ್ಟಿದ್ದಿಲ್ಲ. ಮಂಡಿಯಲ್ಲಿ ಹೆಂಗಸರು ಮೊರದ ಪಕ್ಕ ಎಲೆಅಡಿಕೆ ಚೀಲ ಇಟ್ಟುಕೊಂಡೇ ಕೂರುತ್ತಾರೆ. ಅದಿಲ್ಲದೆ ನನ್ನ ಕಣ್ಣು ಅಡಿಕೆಯ ಮೇಲೆ ನಿಲ್ಲುವುದಿಲ್ಲ.

ಇದನ್ನೆಲ್ಲ ಹೇಳಿದೆ. ಮೇಡಂ, "ನಿಮ್ಮ ಮಗಳೂ ಹಿಂಗೇ ಹೇಳಿದ್ಲು, ಅದಿಲ್ದೆ ಪುಸ್ತಕದ ಮೇಲೆ ಕಣ್ಣು ನಿಲ್ಲಲ್ಲ ಅಂತ," ಅಂದರು. "ಎರಡೂ ಒಂದೇ ನಿಕೋಟಿನ್ ಅಮ್ಮ. ನಿಮಗೆ ಬಾಯಿ ಕ್ಯಾನ್ಸರ್ ಭಯ ಬೇರೆ. ಇಬ್ಬರೂ ಒಟ್ಟಿಗೆ ಬಿಡ್ರಿ. ಅವಳಿಗೂ ಧೈರ್ಯ ಬರ್ತದೆ."

ಬರುವ ಬಸ್ಸಿನಲ್ಲಿ ಮಗಳು ನನ್ನ ಭುಜಕ್ಕೆ ಒರಗಿ ಕುಳಿತಳು. ಬಹಳ ದಿನಗಳ ಮೇಲೆ.

ಸೋಮವಾರ ಇಬ್ಬರೂ ಬಿಟ್ಟೆವು. ಆ ನಾಲ್ಕು ದಿನ ನಮ್ಮ ಮನೆಗೆ ಯಾರೂ ಬರದಿದ್ದದ್ದು ಒಳ್ಳೆಯದಾಯಿತು. ಸಾರಿಗೆ ಉಪ್ಪು ಜಾಸ್ತಿ ಅಂತ ಜಗಳ, ಫ್ಯಾನ್ ಸದ್ದು ಮಾಡುತ್ತದೆ ಅಂತ ಜಗಳ. ಮಂಡಿಯಲ್ಲಿ ಒಳ್ಳೆಯ ಅಡಿಕೆಯನ್ನೇ ಕೆಟ್ಟದ್ದರ ರಾಶಿಗೆ ಹಾಕಿ ಬೈಸಿಕೊಂಡೆ. ಆಸೆ ಎದ್ದಾಗ ಇಬ್ಬರೂ ಹಿತ್ತಲಿಗೆ ಹೋಗಿ ಬಾವಿಕಟ್ಟೆ ಸುತ್ತುತ್ತಿದ್ದೆವು. ಮಗಳು ನಗುತ್ತಿದ್ದಳು, "ಪ್ರದಕ್ಷಿಣೆ ಅಮ್ಮ ಇದು, ಪುಣ್ಯ ಬರ್ತದೆ."

ಒಂಬತ್ತನೇ ದಿನ ಸಂಜೆ ಅವಳು ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತು, "ಇವತ್ತು ಎರಡು ಸಲ ಎಳೆದೆ," ಅಂದಳು. ಟೆಸ್ಟಿನಲ್ಲಿ ಕಡಿಮೆ ಅಂಕ ಬಂದಿತ್ತಂತೆ, ಆ ಹುಡುಗಿ ಮುಂದೆ ಹಿಡಿದಳಂತೆ. ಜಾರಿದರೆ ಮತ್ತೆ ಹಿಡಿ ಅಂದಿದ್ದರು ಮೇಡಂ. ನಾನು ಹಾಗೆ ಹೇಳಲಿಲ್ಲ. ಅಪ್ಪನಿಗೆ ಫೋನ್ ಮಾಡುತ್ತೇನೆ, ಕಾಲೇಜು ಬಿಡಿಸುತ್ತೇನೆ, ನಿನ್ನನ್ನು ನಂಬಿದ್ದೇ ತಪ್ಪು ಅಂದೆ. ಮೂರು ದಿನ ಮಾತು ಬಿಟ್ಟೆ. ಅಂದಿನಿಂದ ಪ್ರತಿ ಸಂಜೆ ಅವಳ ಬ್ಯಾಗಿನ ತಳದವರೆಗೆ ಕೈ ಹಾಕತೊಡಗಿದೆ. ಅವಳು ಬ್ಯಾಗನ್ನು ನನ್ನ ಮುಂದೆ ಇಟ್ಟು ಕೈಕಾಲು ತೊಳೆಯಲು ಹೋಗುತ್ತಿದ್ದಳು.

ಇನ್ನು ಬರೆಯಲು ನಾಚಿಕೆಯಾಗುವ ಮಾತು. ಆ ಮೂರು ದಿನ ಮಾತು ಬಿಟ್ಟಿದ್ದೆನಲ್ಲ, ಅದರ ಎರಡನೇ ದಿನ ಮಂಡಿಯಲ್ಲಿ ಪಕ್ಕದವಳು ಎಲೆ ಮಡಚಿ ಮುಂದೆ ಚಾಚಿದಾಗ ನಾನು ತೆಗೆದುಕೊಂಡೆ. ಚಿಂತೆ ಜಾಸ್ತಿಯಾಗಿದೆ, ಮಗಳಿಂದಲೇ ಹೀಗಾಯಿತು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮಾರನೆಯ ದಿನದಿಂದ ಒಂದು ಚಿಟಿಕೆ ಕಡ್ಡಿಪುಡಿಯನ್ನು ಕಾಗದದಲ್ಲಿ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳತೊಡಗಿದೆ. ಮನೆಗೆ ಬರುವ ಮುಂಚೆ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಏಲಕ್ಕಿ ಕಚ್ಚುತ್ತಿದ್ದೆ. ಆಮೇಲೆ ಒಳಗೆ ಬಂದು ಅವಳ ಬ್ಯಾಗು ಹುಡುಕುತ್ತಿದ್ದೆ.

ಕಾರ್ತಿಕದ ಒಂದು ಸಂಜೆ ಬ್ಯಾಗಿನೊಳಗೆ ಕೈ ಹಾಕಿದರೆ ಮಾವಿನಹಣ್ಣಿನ ವಾಸನೆ. ಇಡೀ ಬ್ಯಾಗನ್ನು ಚಾಪೆಯ ಮೇಲೆ ಬೋರಲು ಸುರಿದೆ. ಪುಸ್ತಕ ಕೊಡವಿದೆ, ಊಟದ ಡಬ್ಬಿ ಬಿಚ್ಚಿದೆ, ಕಂಪಾಸು ತೆರೆದೆ.

"ಎಲ್ಲಿಟ್ಟೀಯ? ನಿಜ ಹೇಳು! ಎಷ್ಟು ದಿನದಿಂದ ನಡೀತೈತೆ ಈ ನಾಟಕ?"

ಅವಳು ಬಗ್ಗಿ ರಾಶಿಯ ನಡುವಿನಿಂದ ಒಂದು ಸಣ್ಣ ಪೊಟ್ಟಣ ಎತ್ತಿ ನನ್ನ ಅಂಗೈಗೆ ಹಾಕಿದಳು. ಮಾವಿನ ಪೆಪ್ಪರಮೆಂಟು. ಅರ್ಧ ಖಾಲಿಯಾಗಿತ್ತು. ಬಾಯಿಗೆ ಹಾಕಿಕೊ ಅಂತ ಮೇಡಂ ಹೇಳಿದ್ದೇ ಅದು. ಒಂಬತ್ತನೇ ದಿನದ ನಂತರ ಅವಳು ವೇಪ್ ಮುಟ್ಟಿಯೇ ಇರಲಿಲ್ಲ.

ನಾನು ಪುಸ್ತಕಗಳನ್ನು ಒಂದೊಂದಾಗಿ ಜೋಡಿಸತೊಡಗಿದೆ. ಅವಳೂ ಎದುರಿಗೆ ಕುಳಿತು ಜೋಡಿಸಿದಳು. ಆಮೇಲೆ ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದಳು.

"ನಿನ್ನ ಸೆರಗಿನ ಗಂಟಲ್ಲಿ ಕಡ್ಡಿಪುಡಿ ಐತೆ."

ನಾನು ಸೆರಗನ್ನು ಮುದುರಿ ಮಡಿಲಿಗೆ ಎಳೆದುಕೊಂಡೆ.

"ಮೂರು ವಾರ ಆಯ್ತು ನಾನು ನೋಡಿ. ಸೀರೆ ಒಗೆಯಾಕೆ ಹಾಕುವಾಗ ಸಿಕ್ತು. ವಾಪಸ್ ಹಂಗೇ ಕಟ್ಟಿಟ್ಟೆ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಇಲ್ಲ ಅಂತಿದ್ದೆ. ಒಂದ್ಸಲ ಇಲ್ಲ ಅಂದುಬಿಟ್ರೆ ಆಮೇಲೆ ಬಿಡಾಕೆ ಇನ್ನೂ ಕಷ್ಟ ಆಗ್ತದಮ್ಮ. ಬಚ್ಚಿಡಾದೇ ಒಂದು ಕೆಲಸ ಆಗ್ತದೆ. ನಂಗೆ ಗೊತ್ತು." ಊಟದ ಡಬ್ಬಿಯ ಮುಚ್ಚಳ ಒತ್ತಿ ಕೂರಿಸಿದಳು. "ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ಅದು ಹಳೇದು, ಬಿಸಾಕುವುದು ಮರೆತಿದ್ದೆ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಅವಳು ಹೂಂ ಅಂದು ಎದ್ದು ಹೋಗುತ್ತಿದ್ದಳು, ನನಗೆ ಅದು ಗೊತ್ತಿತ್ತು. ಅವಳು ನನ್ನ ಮುಖ ನೋಡದೆ ನೆಲ ನೋಡುತ್ತಾ ಕುಳಿತಿದ್ದಳು, ನನಗೆ ನಾಚಿಕೆಯಾಗದಿರಲಿ ಅಂತ.

"ದಿನಕ್ಕೆ ನಾಲ್ಕು ಸಲ," ಅಂದೆ. "ಇವತ್ತು ಐದು."

ಅವಳು ಕೈ ಚಾಚಿದಳು. ಗಂಟು ಬಿಗಿಯಾಗಿತ್ತು, ನನ್ನಿಂದ ಬಿಚ್ಚಲಾಗಲಿಲ್ಲ. ಕೊನೆಗೆ ಅವಳೇ ಸೆರಗನ್ನು ಹತ್ತಿರ ಎಳೆದುಕೊಂಡು ಬಿಚ್ಚಿದಳು.